ಕಹಿನೀರಿನ ವಾಕ್ಯ

ಕರಿಬಸವನ ಬೆರಳನ್ನು ಡ್ಯಾಡಿ ಮುರಿದದ್ದು ಸಂತೆಕಟ್ಟೆಯಲ್ಲಿ, ಬೆಳಿಗ್ಗೆ ಏಳೂವರೆಗೆ. ಕೂಲಿಗೆ ಕರೆಯುವವರನ್ನು ಕಾಯುತ್ತ ಹೈವೇ ಬದಿಯಲ್ಲಿ ಬುತ್ತಿ ಹಿಡಿದು ನಿಂತಿದ್ದ ಮೂವತ್ತು ನಲವತ್ತು ಜನರ ನಡುವಿನಿಂದ ಅವನನ್ನು ಕಾಲರ್ ಹಿಡಿದು ಎಳೆದು, ಮೋರಿಯ ಕಟ್ಟೆಯ ಮೇಲೆ ಅವನ ಬಲಗೈಯನ್ನು ಒತ್ತಿ ಹಿಡಿದು, ಅವನದೇ ಚೀಲದಿಂದ ಸುತ್ತಿಗೆ ತೆಗೆದು ಹೊಡೆದರು. "ಯಾಕ್ರೀ ಸಾವ್ಕಾರ್ರ, ನಾ ಏನ್ ಮಾಡೀನ್ರೀ?" ಎಂದು ಮೊದಲ ಪೆಟ್ಟಿಗೂ ಎರಡನೆಯದಕ್ಕೂ ನಡುವೆ ಅವನು ಕೇಳಿದನಂತೆ. ಎರಡನೆಯದರ ನಂತರ ಏನೂ ಕೇಳಲಿಲ್ಲ. ಉಳಿದವರು ಡ್ಯಾಡಿಯನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಮೂರನೆಯದೂ ಬಿದ್ದಿತ್ತು. ಅವನ ಹೆಂಡತಿ ಯಂಕವ್ವ ಸೆರಗು ಹರಿದು ಗಂಡನ ಕೈಗೆ ಸುತ್ತಿ, ದೂರು ಗೀರು ಎನ್ನದೆ, ಸಿಕ್ಕಿದ ಬಸ್ಸಿಗೆ ಊರಿನ ದಾರಿ ಹಿಡಿದಳು. ಇದನ್ನೆಲ್ಲ ನಮಗೆ ಹೇಳಿದ್ದು ಮೀನು ತರುವ ಗುಣವತಿ. ಹೇಳುವಾಗ ಬುಟ್ಟಿಯನ್ನು ತಲೆಯಿಂದ ಇಳಿಸಲೂ ಇಲ್ಲ.

ಅವಳ ಹಿಂದೆಯೇ ಡ್ಯಾಡಿ ಬಂದರು. ಬಾವಿಕಟ್ಟೆಯಲ್ಲಿ ಕೈ ತೊಳೆದುಕೊಂಡರು. "ಶರೋನ್," ಎಂದು ನನ್ನನ್ನು ಕರೆದರು. "ಪುಸ್ತಕ ತಾ. ಓದು."

ಅದು ತೊಂಬತ್ತೊಂಬತ್ತರ ತಪಸ್ಸಿನ ಕಾಲ, ಈಸ್ಟರಿಗೆ ಮೊದಲಿನ ಉಪವಾಸದ ವಾರಗಳು. ನನಗೆ ಹತ್ತೊಂಬತ್ತು. ಡ್ಯಾಡಿ ಒಂಬತ್ತು ವರ್ಷ ಬಹ್ರೇನಿನಲ್ಲಿ ವೆಲ್ಡಿಂಗ್ ಮಾಡಿ ಕಲ್ಯಾಣಪುರಕ್ಕೆ ಮರಳಿದ್ದರು. ಆ ವೆಲ್ಡಿಂಗಿನ ಬೆಳಕು ಅವರ ಕಣ್ಣನ್ನು ತಿಂದಿತ್ತು. ಮನುಷ್ಯರು, ಮರ, ಬಸ್ಸು ಎಲ್ಲ ಕಾಣುತ್ತಿತ್ತು; ಅಕ್ಷರ ಮಾತ್ರ ಇರುವೆಗಳ ಹಾಗೆ ಓಡುತ್ತದೆ ಎನ್ನುತ್ತಿದ್ದರು. ಹಾಗಾಗಿ ಬೈಬಲ್ ಓದುವ ಕೆಲಸ ನನ್ನದು. ಬಂದ ಮೇಲೆ ಏಳು ದಿನದ ಒಂದು ಧ್ಯಾನ ಶಿಬಿರಕ್ಕೆ ಹೋಗಿದ್ದರು. ಅಲ್ಲಿಂದ ಹೊಸ ಮನುಷ್ಯರಾಗಿ ಬಂದರು. ಬರೆದದ್ದೆಲ್ಲ ಬರೆದ ಹಾಗೆಯೇ. ದೇವರಿಗೆ ಸುತ್ತಿ ಬಳಸಿ ಮಾತಾಡುವ ಅಗತ್ಯ ಎಂತದು ಎಂದು ಕೇಳುತ್ತಿದ್ದರು.

ನಾನು ಬೆಳೆದದ್ದು ಬೇರೆ ಬೈಬಲಿನಲ್ಲಿ. ಡ್ಯಾಡಿಯ ಅಮ್ಮ ಜೆರ್ಟ್ರೂಡ್ ಅಜ್ಜಿಯ ಬೈಬಲಿನಲ್ಲಿ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಳು. ಯೋನನನ್ನು ನುಂಗಿದ ಮೀನು ನಮ್ಮ ಸ್ವರ್ಣಾ ನದಿಯೊಳಗೇ ಬಂದು, ಸೇತುವೆಯ ಕಂಬಕ್ಕೆ ಬೆನ್ನು ತಿಕ್ಕಿಕೊಂಡು, ಅವನನ್ನು ನಮ್ಮ ದೋಣಿಕಟ್ಟೆಯಲ್ಲಿ ಉಗುಳಿ ಹೋಗಿತ್ತು. ಹವ್ವಳಿಗೆ ಹಣ್ಣು ಕೊಟ್ಟ ಹಾವು ಕೇರೆ ಹಾವು, ಅದಕ್ಕೆ ವಿಷ ಇರಲಿಲ್ಲ, ಬರೀ ಬಾಯಿ ಜಾಸ್ತಿ. ಇವತ್ತು ಸತ್ತವನು ನಾಳೆಯ ಕಥೆಯಲ್ಲಿ ಬದುಕುತ್ತಿದ್ದ. "ನಿನ್ನೆ ಬೇರೆ ಹೇಳಿದ್ದೆ ಅಜ್ಜಿ, ಯಾವುದು ನಿಜ?" ಎಂದರೆ, "ನಿನಗೆ ಯಾವುದರಲ್ಲಿ ನಿದ್ದೆ ಬಂತು?" ಎಂದು ಕೇಳುತ್ತಿದ್ದಳು. ಅವಳು ತೀರಿಹೋಗಿ ಮೂರು ವರ್ಷವಾಗಿತ್ತು. ನಾನು ಕಾಲೇಜಿನಲ್ಲೂ ಕಿಟಕಿಯಾಚೆ ನೋಡುತ್ತ ಕೂರುವವಳು.

ಮಮ್ಮಿಯ ತಪ್ಪು ಎಂದರೆ ಒಂದು ಪಾದ. ಡ್ಯಾಡಿ ಕಳಿಸಿದ ಹಣದಲ್ಲಿ ಮನೆಗೆ ಮುರಕಲ್ಲಿನ ಕಂಪೌಂಡ್ ಕಟ್ಟಿದವನು ಕರಿಬಸವ. ಒಂದು ದಿನ ಕಲ್ಲು ಜಾರಿ ಅವನ ಪಾದದ ಮೇಲೆ ಬಿತ್ತು. ಮಮ್ಮಿ ಜಗಲಿಯಲ್ಲಿ ಕೂತು ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ರಕ್ತ ಒರೆಸಿ ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ರಸ್ತೆಯಲ್ಲಿ ಹೋದವರು ಯಾರೋ ನೋಡಿದರು. ನೋಡಿದ್ದು ಕಾಗದವಾಗಿ ಬಹ್ರೇನಿಗೆ ಹೋಯಿತು, ಹೋಗುವಷ್ಟರಲ್ಲಿ ಪಾದಕ್ಕೆ ಇಡೀ ದೇಹ ಬೆಳೆದಿತ್ತು.

"ಪಾದ್ರಿಯವರು ಪವಿತ್ರ ಗುರುವಾರ ಹನ್ನೆರಡು ಗಂಡಸರ ಕಾಲು ತೊಳೆದು ಮುತ್ತು ಕೊಡ್ತಾರೆ," ಎಂದಳು ಮಮ್ಮಿ, ಮೊದಲ ಸಲ ಪೆಟ್ಟು ಬಿದ್ದಾಗ. "ಅವರನ್ನು ಯಾರೂ ಕೇಳುವುದಿಲ್ಲ ಅಲ್ವಾ?"

ಆ ಮಾತಿಗೆ ಬೆಲ್ಟಿನ ಬಕ್ಕಲ್ ತಿರುಗಿಸಿ ಹೊಡೆದರು. ಆಮೇಲೆ ಬೂಟುಗಾಲಿನಿಂದ ಹೊಟ್ಟೆಗೆ. ಆ ದಿನದಿಂದ ಮಮ್ಮಿಯ ಹೊಟ್ಟೆ ಒಂದು ಬದಿಗೆ ಊದಿಕೊಂಡೇ ಇತ್ತು. ಸೀರೆಯನ್ನು ಸಡಿಲವಾಗಿ ಉಡುತ್ತಿದ್ದಳು, ಯಾರಿಗೂ ತೋರಿಸುತ್ತಿರಲಿಲ್ಲ.

ಗೋಡೆ ಕಟ್ಟಿ ಉಳಿದ ಮುರಕಲ್ಲಿನ ತುಂಡುಗಳನ್ನು ಡ್ಯಾಡಿ ಒಂದೊಂದಾಗಿ ಹೊತ್ತು ಬಾವಿಕಟ್ಟೆಯ ಹತ್ತಿರ ರಾಶಿ ಹಾಕಿದರು. ಮುಷ್ಟಿಗೆ ಹಿಡಿಯುವಂಥವು ಒಂದು ಕಡೆ, ಎರಡೂ ಕೈ ಬೇಕಾದವು ಇನ್ನೊಂದು ಕಡೆ. ಯಾಕೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೋಶೆಯ ನಿಯಮದಲ್ಲಿ ಅಂಥ ಹೆಂಗಸಿಗೆ ಏನೆಂದು ಬರೆದಿದೆ ಎಂಬುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು.

ಸಂತೆಕಟ್ಟೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ ರಾಯ್‌ಸ್ಟನ್, ಡ್ಯಾಡಿಯ ಪ್ರಾರ್ಥನಾ ಕೂಟದ ಮುಖಂಡ. ಮೂವತ್ತರ ಹುಡುಗ, ಮದುವೆಯಾಗಿರಲಿಲ್ಲ. ಜೇಬಿನಲ್ಲಿ ಯಾವಾಗಲೂ ಹಳದಿ ಹೈಲೈಟರ್. "ಒಂದು ಚುಕ್ಕೆ ಬಿಡಲಿಕ್ಕೂ ಇಲ್ಲ, ಸೇರಿಸಲಿಕ್ಕೂ ಇಲ್ಲ ಅಂಕಲ್," ಎನ್ನುತ್ತಿದ್ದ. ಅವನು ಡ್ಯಾಡಿಗೆ ಒಂದು ಚೀಟಿ ಬರೆದುಕೊಟ್ಟಿದ್ದ. ಶಂಕೆ ಬಂದ ಗಂಡ ನೋಡಬೇಕಾದ ಅಧ್ಯಾಯಗಳು. ಕರಿಬಸವನ ಬೆರಳು ಮುರಿದ ದಿನ ಡ್ಯಾಡಿ ನನ್ನ ಮುಂದೆ ಇಟ್ಟದ್ದು ಆ ಚೀಟಿ.

ಮೊದಲಿನದು ಕಲ್ಲಿನದು, ಹಾದರ ಮಾಡಿದವಳನ್ನು ಕಲ್ಲು ಹೊಡೆದು ಕೊಲ್ಲುವ ನಿಯಮ. ಅದನ್ನು ದಾಟಿ ಎರಡನೆಯದಕ್ಕೆ ಹೋದೆ. ಅಲ್ಲಿ ನೀರಿತ್ತು. ಸಾಕ್ಷಿ ಇಲ್ಲದೆ ಗಂಡನಿಗೆ ಸಂಶಯ ಬಂದರೆ ಹೆಂಡತಿಗೆ ಕುಡಿಸುವ ಕಹಿನೀರು. ದೇವರ ಗುಡಾರದ ನೆಲದ ಧೂಳನ್ನು ನೀರಿಗೆ ಹಾಕಬೇಕು, ಶಾಪವನ್ನು ಶಾಯಿಯಲ್ಲಿ ಬರೆದು ಆ ನೀರಲ್ಲಿ ತೊಳೆಯಬೇಕು, ಅವಳು ಕುಡಿಯಬೇಕು. ತಪ್ಪು ಮಾಡಿದ್ದರೆ ಹೊಟ್ಟೆ ಊದುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಓದುತ್ತ ಓದುತ್ತ ನನ್ನ ಎದೆ ಹಗುರಾಯಿತು. ಧೂಳು, ಶಾಯಿ, ನೀರು! ಅದರಿಂದ ಯಾರು ಸಾಯುತ್ತಾರೆ?

"ಸಾಕ್ಷಿ ಇಲ್ಲದಿದ್ದರೆ ಇದು ಮೊದಲು ಡ್ಯಾಡಿ," ಎಂದೆ. "ಕಲ್ಲು ಆಮೇಲೆ."

ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನ್ಯಾಯ ಉಂಟು," ಎಂದರು.

ಮಂಗಳವಾರ ನಮ್ಮಿಬ್ಬರನ್ನೂ ಇಗರ್ಜಿಗೆ ಕರೆದುಕೊಂಡು ಹೋದರು. ಪಾದ್ರಿಯವರೇ ವಿಧಿ ನಡೆಸಬೇಕೆಂದು ಅವರ ಆಸೆ. ಪಾದ್ರಿಯವರು ಮಮ್ಮಿಯ ಕೆನ್ನೆಯ ಗಾಯ ನೋಡಿ ಮೇಜಿನ ಕಡೆ ಕಣ್ಣು ತಿರುಗಿಸಿದರು.

"ಲಿಯೋನೆಲ್, ಅದೆಲ್ಲ ಆ ಕಾಲದ ಜನರ ಪದ್ಧತಿ. ಅಕ್ಷರಕ್ಕೆ ಅಕ್ಷರ ತೆಗೆದುಕೊಳ್ಳುವಂಥದ್ದಲ್ಲ. ಅದೊಂದು ಸಂಕೇತ."

"ಸಂಕೇತ," ಎಂದರು ಡ್ಯಾಡಿ. "ಭಾನುವಾರ ನೀವು ಎತ್ತಿ ಹಿಡಿಯುವ ರೊಟ್ಟಿ?"

"ಅದು ಬೇರೆ."

"ಅದು ಯೇಸುವಿನ ನಿಜವಾದ ಶರೀರ ಅಂತ ನಮಗೆ ಬೆತ್ತ ಹಿಡಿದು ಕಲಿಸಿದ್ದಾರೆ. ಸಂಕೇತ ಅಂದವನಿಗೆ ಬೆತ್ತ. ಈಗ ರೊಟ್ಟಿ ನಿಜ, ನೀರು ಸಂಕೇತ. ಗೆರೆ ಎಳೆದದ್ದು ಯಾರು ಫಾದರ್?"

"ಯೇಸು ಅಂಥ ಹೆಂಗಸನ್ನು ಕ್ಷಮಿಸಲಿಲ್ಲವಾ?"

"ಆತ ದೇವರು. ನಾನು ಗಂಡ."

ಆಗ ಮಮ್ಮಿ ಬಾಯಿ ತೆರೆದಳು. "ಫಾದರ್, ನಿಮ್ಮ ದಮ್ಮಯ್ಯ, ಸಂಕೇತ ಅನ್ನಬೇಡಿ. ನೀರಿಗೆ ಸತ್ಯ ಹೇಳುವ ಶಕ್ತಿ ಉಂಟು ಅಂತ ಇವರು ನಂಬಿದ್ದಾರೆ, ಅಷ್ಟರಲ್ಲಿ ನಾನು ಬಚಾವ್. ನೀವು ಆ ನೀರನ್ನು ಚೆಲ್ಲಿಬಿಟ್ಟರೆ ಇವರ ಹತ್ತಿರ ಉಳಿಯುವುದು ಕಲ್ಲು ಮಾತ್ರ."

ಪಾದ್ರಿಯವರು ಕುಟುಂಬ ಸಲಹಾ ಕೇಂದ್ರದ ಒಂದು ಕರಪತ್ರ ಕೊಟ್ಟರು. ಹೊರಗೆ ಬಂದ ಡ್ಯಾಡಿ ಅದನ್ನು ನಾಲ್ಕು ಮಡಿಕೆ ಮಾಡಿ ಮಮ್ಮಿಯ ಬಾಯಿಗೆ ತುರುಕಿ, ಅಂಗೈಯಿಂದ ಅವಳ ದವಡೆ ಒತ್ತಿ ಮುಚ್ಚಿದರು. "ಅಗಿ. ಇದೂ ಸಂಕೇತ." ನುಂಗುವವರೆಗೆ ಬಿಡಲಿಲ್ಲ. ಶಿಲುಬೆ ಕಟ್ಟೆಯ ಹತ್ತಿರ ಸೈಕಲ್ ಹಿಡಿದುಕೊಂಡಿದ್ದ ಇಬ್ಬರು ನೋಡಿ, ಬೆಲ್ ಬಾರಿಸಿಕೊಂಡು ಹೋದರು.

ಪಾದ್ರಿ ಇಲ್ಲದಿದ್ದರೆ ಮನೆಯ ಯಜಮಾನನೇ ಯಾಜಕ ಎಂದು ರಾಯ್‌ಸ್ಟನ್ ತೀರ್ಮಾನ ಕೊಟ್ಟ. ಶನಿವಾರ ಮಧ್ಯಾಹ್ನ ಮೂರಕ್ಕೆ ಎಂದಾಯಿತು. ಶುಕ್ರವಾರ ಇಗರ್ಜಿ ಗುಡಿಸುವ ಸರದಿ ನಮ್ಮ ವಾಡೆಯದು, ಅಂದರೆ ನಮ್ಮ ಕೇರಿಯ ಮನೆಗಳದು. ನಾಲ್ಕು ಮನೆಯ ಹೆಂಗಸರು ಪೊರಕೆ ಹಿಡಿದು ಹೋದೆವು. ಬೆಂಚುಗಳ ಕೆಳಗಿನಿಂದ ಮೇಣದ ಚೂರು, ಕೂದಲು, ಯಾವುದೋ ಮಗುವಿನ ಚಾಕಲೇಟು ಕಾಗದ ಬಂತು. ಅದರಿಂದ ಬರೀ ಧೂಳನ್ನು ಆರಿಸಿ ಏರ್‌ಮೇಲ್ ಲಕೋಟೆಗೆ ಹಾಕಿಕೊಂಡೆ. ನಮ್ಮ ಊರಿನವರ ಚಪ್ಪಲಿಯ ಧೂಳು. ಇಷ್ಟು ಸೌಮ್ಯವಾದ ಶಿಕ್ಷೆ ಬೇರೆ ಇಲ್ಲ ಎಂದು ಅದನ್ನು ಎದೆಗಿಟ್ಟುಕೊಂಡು, ಗುನುಗುತ್ತ ಮನೆಗೆ ಬಂದೆ.

ಜಗಲಿಯಲ್ಲಿ ಡ್ಯಾಡಿ, ರಾಯ್‌ಸ್ಟನ್ ಚಾ ಕುಡಿಯುತ್ತಿದ್ದರು. ನಾನು ಚಪ್ಪಲಿ ಬಿಡುತ್ತಿದ್ದೆ.

"ಕುಡಿದ ಮೇಲೆ ಎಷ್ಟು ದಿನ ಕಾಯುವುದು?" ಡ್ಯಾಡಿ ಕೇಳಿದರು.

"ದಿನ ಅಂತ ಬರೆದಿಲ್ಲ ಅಂಕಲ್."

"ಹಾಗಾದರೆ ನಲವತ್ತು. ನಲವತ್ತು ದಿನದ ಒಳಗೆ ಹೊಟ್ಟೆ ಊದಿದ್ದು ಕಂಡರೆ ಬಾವಿಕಟ್ಟೆಗೆ ಕರೆದುಕೊಂಡು ಬರ್ತೇನೆ. ಮೊದಲ ಕಲ್ಲು ನನ್ನದು. ಎರಡನೆಯದು ನಿನ್ನದು, ನಿಯಮದಲ್ಲಿ ಹಾಗೆ ಉಂಟು."

"ಖಂಡಿತ," ಎಂದ ರಾಯ್‌ಸ್ಟನ್, ಬಿಸ್ಕೆಟನ್ನು ಚಾದಲ್ಲಿ ಅದ್ದುತ್ತ. ಅವನು ಅದನ್ನು ನಂಬಿ ಹೇಳಲಿಲ್ಲ ಎಂದು ಈಗ ಅನಿಸುತ್ತದೆ. ಬಾಯಿಗೆ ಅಭ್ಯಾಸವಾದದ್ದನ್ನು ಹೇಳಿದ.

ಮಮ್ಮಿಯ ಹೊಟ್ಟೆ ಆಗಲೇ ಊದಿತ್ತು. ಊದಿಸಿದವರು ಡ್ಯಾಡಿಯೇ, ಆದರೆ ನಲವತ್ತು ದಿನದಲ್ಲಿ ಅವರು ಒಮ್ಮೆಯಾದರೂ ಅವಳ ಸೀರೆ ಸರಿಸಿ ನೋಡುತ್ತಾರೆ. ಆ ನೀರಿನಲ್ಲಿ ಅವಳು ಗೆಲ್ಲುವಂತಿರಲಿಲ್ಲ. ಆ ಅಧ್ಯಾಯವನ್ನು ಆರಿಸಿಕೊಟ್ಟವಳು ನಾನು.

ಬೆಳ್ಮಣ್ಣಿನ ತವರಿಗೆ ಓಡಿಹೋಗೋಣ ಎಂದು ಹಿತ್ತಿಲಲ್ಲಿ ಮಮ್ಮಿಯ ಕಿವಿಯಲ್ಲಿ ಹೇಳಿದೆ. "ಓಡಿದರೆ ಒಪ್ಪಿಕೊಂಡ ಹಾಗೆ," ಎಂದಳು. "ಮತ್ತೆ ಅಲ್ಲಿಗೂ ಬಸ್ ಉಂಟು. ಅವರು ಬರ್ತಾರೆ."

ಶನಿವಾರ. ಬಿಸಿಲು ಅಂಗಳದಲ್ಲಿ ಬಿಳಿ ಬಟ್ಟೆಯ ಹಾಗೆ ಬಿದ್ದಿತ್ತು. ಡ್ಯಾಡಿ ಬಾವಿಕಟ್ಟೆಯ ಮುಂದೆ ಒಂದು ಸ್ಟೂಲು ಇಟ್ಟು ಅದರ ಮೇಲೆ ಸ್ಟೀಲಿನ ತಂಬಿಗೆ ಇಟ್ಟರು. ಧೂಳು ಸುರಿದರು. ನಾನು ಕಾಗದದ ಮೇಲೆ ಪೆನ್ನಿನ ಶಾಯಿಯಲ್ಲಿ ಶಾಪ ಬರೆದೆ, ಅವರು ಅದನ್ನು ನೀರಲ್ಲಿ ಅದ್ದಿ ಕಲಕಿದರು. ನೀಲಿ ಎಳೆಗಳು ಬಿಡಿಸಿಕೊಂಡು ಕೆಳಗೆ ಇಳಿದವು. ಪುಸ್ತಕದಲ್ಲಿದ್ದ ಹಾಗೆ ಮಮ್ಮಿಯ ಕೂದಲು ಬಿಚ್ಚಿಸಿದರು. ಕೈಯಿಂದ ಬಿಚ್ಚಲಿಲ್ಲ, ತುರುಬು ಹಿಡಿದು ಎಳೆದರು. ಪಿನ್ನುಗಳು ಕಿತ್ತುಬಂದು ಅವಳ ಕಿವಿಯ ಹಿಂದಿನಿಂದ ರಕ್ತ ಇಳಿಯಿತು. ರಾಯ್‌ಸ್ಟನ್ ಕೈಕಟ್ಟಿ ನಿಂತಿದ್ದ.

"ಓದು," ಎಂದರು ಡ್ಯಾಡಿ.

ಓದಿದೆ. ಧೂಳಿನವರೆಗೆ ಓದಿದೆ, ಶಾಯಿಯವರೆಗೆ ಓದಿದೆ. ಹೆಂಗಸು ಕುಡಿಯಲಿ ಎನ್ನುವಲ್ಲಿಗೆ ಬಂದೆ. ಅಲ್ಲಿ ಉಸಿರು ತೆಗೆದುಕೊಂಡೆ. ಪುಟದ ಮೇಲಿಂದ ಕಣ್ಣು ಕದಲಿಸದೆ, ಅದೇ ಗತ್ತಿನಲ್ಲಿ, ಅದೇ ಏರಿಳಿತದಲ್ಲಿ ಮುಂದುವರಿಸಿದೆ:

"ಶಂಕೆಯನ್ನು ತಂದ ಗಂಡನು ಮೊದಲು ಪಾತ್ರೆಯನ್ನು ಎತ್ತಿ ಅರ್ಧ ಕುಡಿಯಲಿ. ಅವನಲ್ಲಿ ಅದೇ ಪಾಪವಿದ್ದರೆ ಅವನ ಹೊಟ್ಟೆ ಮೊದಲು ಊದುವುದು. ಅವನು ಕುಡಿಯದೆ ಕೆಳಗಿಟ್ಟರೆ ಹೆಂಡತಿಯ ಮೇಲೆ ದೋಷವಿಲ್ಲ. ಆ ದಿನದಿಂದ ಅವನ ಕೈ ಅವಳ ಮೇಲೆ ಏಳಬಾರದು."

ಕಾಗೆಯೊಂದು ಗೋಡೆಯ ಮೇಲೆ ಕುಪ್ಪಳಿಸಿತು.

"ಇನ್ನೊಮ್ಮೆ," ಎಂದರು ಡ್ಯಾಡಿ.

ಒಂದೇ ಕಥೆಯನ್ನು ಎರಡು ಸಲ ಒಂದೇ ಥರ ಹೇಳಲು ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಹೇಳಿದೆ, ಒಂದು ಮಾತು ಹೆಚ್ಚು ಕಡಿಮೆ ಇಲ್ಲದೆ.

"ಶಿಬಿರದಲ್ಲಿ ಇದನ್ನು ಯಾರೂ ಓದಲಿಲ್ಲ. ರಾಯ್‌ಸ್ಟನ್?"

ರಾಯ್‌ಸ್ಟನ್ ತಲೆ ಕೆರೆದುಕೊಂಡ. "ಈ ಭಾಗ ನನಗೆ ನೆನಪಿಲ್ಲ ಅಂಕಲ್. ನಾನು ಅಂಡರ್‌ಲೈನ್ ಮಾಡಿದ ಹಾಗಿಲ್ಲ."

ಡ್ಯಾಡಿ ನನ್ನ ಕಡೆ ತಿರುಗಿದರು. "ಸೇರಿಸಿದ್ದಾ?"

"ಇಲ್ಲ ಡ್ಯಾಡಿ."

"ನನ್ನ ಅಮ್ಮನ ಮೊಮ್ಮಗಳು ನೀನು. ಸೇರಿಸಿದ್ದಾ?"

"ಇಲ್ಲ."

ಅವರು ಬಗ್ಗಿದ್ದು ಕಂಡಿತು, ಕೈ ಬಂದದ್ದು ಕಾಣಲಿಲ್ಲ. ಎಸೆಯಲಿಲ್ಲ, ಕಲ್ಲನ್ನು ಮುಷ್ಟಿಯಲ್ಲಿ ಹಿಡಿದೇ ಬಾಯಿಗೆ ಗುದ್ದಿದರು. ಒಳಗೆ ಏನೋ ಗಾಜಿನ ಹಾಗೆ ಒಡೆಯಿತು. ಮುಂದಿನ ಹಲ್ಲೆರಡು ನಾಲಗೆಯ ಮೇಲೆ ಬಿದ್ದವು, ಬೀಜಗಳ ಹಾಗೆ. ನಾನು ಪುಸ್ತಕದ ಮೇಲೆಯೇ ಬಿದ್ದೆ. ರಾಯ್‌ಸ್ಟನ್ "ಅಯ್ಯೋ ಅಂಕಲ್, ಬಿಡಿ, ಬಿಡಿ ಮಾರಾಯ್ರೆ" ಎಂದು ಹಿಂದಿನಿಂದ ಅಪ್ಪಿ ಹಿಡಿದ. ಒಂಬತ್ತು ವರ್ಷ ಕಬ್ಬಿಣ ಹೊತ್ತ ತೋಳು ಅವನನ್ನು ಕೊಡವಿ ಒಗೆಯಿತು. ಅವನ ಬೆನ್ನು ಗೋಡೆಗೆ ಬಡಿಯಿತು.

ಡ್ಯಾಡಿ ಎರಡೂ ಕೈ ಬೇಕಾದ ಒಂದು ಕಲ್ಲು ಎತ್ತಿದರು. ಅದು ನನ್ನ ತಲೆಗೆ ಗುರಿಯಾಗಿತ್ತು. ಮಮ್ಮಿ ಕೆದರಿದ ಕೂದಲಿನಲ್ಲಿ ನನ್ನ ಮೇಲೆ ಬಂದು ಬಿದ್ದಳು, ಕಲ್ಲು ಅವಳ ಬಲ ಭುಜದ ಮೇಲೆ ಇಳಿಯಿತು. ಮೂಳೆ ಮುರಿದ ಶಬ್ದ ನನ್ನ ಕಿವಿಯ ಪಕ್ಕದಲ್ಲೇ ಆಯಿತು. ಅವಳು ಕಿರುಚಲಿಲ್ಲ. ಬಿಸಿ ಉಸಿರು ನನ್ನ ಕುತ್ತಿಗೆಗೆ ಬಿತ್ತು, ಅಷ್ಟೆ.

"ರಾಯ್‌ಸ್ಟನ್," ಎಂದರು ಡ್ಯಾಡಿ. ಅವರ ಧ್ವನಿ ಶಾಂತವಾಗಿತ್ತು. ಇನ್ನೊಂದು ದೊಡ್ಡ ಕಲ್ಲು ಆಗಲೇ ಅವರ ಕೈಯಲ್ಲಿತ್ತು. "ಏಳು. ಪುಸ್ತಕ ತಕ್ಕೊ. ನೀನು ಓದು. ಆ ಮಾತು ಅದರಲ್ಲಿ ಇದ್ದರೆ ನಾನು ಕುಡಿಯುತ್ತೇನೆ. ಇಲ್ಲದಿದ್ದರೆ ಇವರಿಬ್ಬರೂ ಈ ಅಂಗಳ ಬಿಟ್ಟು ಹೋಗುವುದಿಲ್ಲ. ಸೇರಿಸಿದವರಿಗೆ ಏನು ಗತಿ ಅಂತ ಕೊನೆಯ ಪುಟದಲ್ಲಿ ಉಂಟು. ನೀನೇ ಹೇಳಿಕೊಟ್ಟದ್ದು."

"ಅಂಕಲ್, ಅದನ್ನು ಹಾಗೆ ಅರ್ಥ ಮಾಡಲಿಕ್ಕಿಲ್ಲ..."

"ಹೇಗೆ ಅರ್ಥ ಮಾಡಲಿಕ್ಕೆ?"

ರಾಯ್‌ಸ್ಟನ್ ಎದ್ದು ಬಂದ. ನನ್ನ ಎದೆಯಡಿಯಿಂದ ಪುಸ್ತಕ ಎಳೆದುಕೊಂಡ. ನನ್ನ ರಕ್ತ ಎರಡು ಅಂಕಣಗಳ ನಡುವೆ ಹರಿದು ಕೆಳಗಿನ ಅಂಚಿಗೆ ಮುಟ್ಟಿತ್ತು. ಅವನು ಬೆರಳಿಟ್ಟು ಹುಡುಕಿದ. ಬೆರಳು ಒಂದು ಸಾಲಿನಲ್ಲಿ ನಿಂತಿತು, ಮತ್ತೆ ಅದೇ ಸಾಲಿಗೆ ಹಿಂದೆ ಬಂತು. ಅಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಗಂಡನ ಮೇಲೆ ದೋಷವಿಲ್ಲ, ಹೆಂಡತಿ ತನ್ನ ಪಾಪ ಹೊರುವಳು ಎಂದಿತ್ತು.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಮಮ್ಮಿಯನ್ನು ನೋಡಿದ. ಅವಳ ಬಲಗೈ ಯಾರದೋ ಕೈಯ ಹಾಗೆ ತಿರುಗಿ ಬಿದ್ದಿತ್ತು.

ಆಮೇಲೆ ಓದಿದ. "ಶಂಕೆಯನ್ನು ತಂದ ಗಂಡನು... ಮೊದಲು ಪಾತ್ರೆಯನ್ನು ಎತ್ತಿ ಅರ್ಧ ಕುಡಿಯಲಿ." ಕೆಮ್ಮಿ ಮುಂದುವರಿಸಿದ. ಎರಡು ಸಲ ಕೇಳಿದ್ದನ್ನು ಪೂರ್ತಿ ಹೇಳಿದ, ಕೈ ಏಳಬಾರದು ಎನ್ನುವಲ್ಲಿಯವರೆಗೆ. "ಉಂಟು ಅಂಕಲ್. ಹೀಗೆಯೇ ಉಂಟು."

ಡ್ಯಾಡಿ ಕಲ್ಲು ಕೆಳಗಿಟ್ಟರು. ಒಗೆಯಲಿಲ್ಲ, ಮೆಲ್ಲನೆ ಇಟ್ಟರು. ತಂಬಿಗೆಯನ್ನು ಎತ್ತಿಕೊಂಡರು. ತುಟಿಗೆ ತಂದರು, ನೀರಿನ ಅಂಚು ತುಟಿಗೆ ತಾಗಿತು. ಆ ನೀರು ಅವರಿಗೆ ಧೂಳೂ ಅಲ್ಲ, ಶಾಯಿಯೂ ಅಲ್ಲ. ಅದರೊಳಗೆ ದೇವರು ಕೂತು ಕಾಯುತ್ತಿದ್ದ. ತಂಬಿಗೆ ವಾಲಿ ಅಂಗಿಯ ಮೇಲೆ ನೀಲಿ ಚೆಲ್ಲಿತು. ಉರಿ ಬಿದ್ದವರ ಹಾಗೆ ಎದೆ ಒರೆಸಿಕೊಂಡರು.

"ಬಹ್ರೇನಿನ ಮನಾಮದಲ್ಲಿ ಒಬ್ಬಳಿದ್ದಳು," ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. "ನಾಲ್ಕು ವರ್ಷ."

ತಂಬಿಗೆಯನ್ನು ಸ್ಟೂಲಿನ ಮೇಲೆ ಇಟ್ಟು, ಕಲ್ಲಿನ ರಾಶಿಯ ಮೇಲೆ ಕೂತುಬಿಟ್ಟರು.

ಮಮ್ಮಿ ನಕ್ಕಳು. ಅಂಥ ನಗುವನ್ನು ನಾನು ಅದುವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಪ್ರತಿ ಸಲ ಮೂಳೆ ಅಲುಗಿ ಮಧ್ಯೆ ಮಧ್ಯೆ ತುಂಡಾಗುತ್ತಿತ್ತು. "ನಾಲ್ಕು ವರ್ಷ," ಎಂದಳು. "ನನಗೆ ಒಂದು ಪಾದ, ಲಿಯೋನೆಲ್. ಒಂದು ಪಾದಕ್ಕೆ ಎರಡು ರೂಪಾಯಿಯ ಮುಲಾಮು."

ಡ್ಯಾಡಿ ಏಳಲಿಲ್ಲ. ಅವಳು ಎದ್ದು ಅವರ ಮುಂದೆಯೇ ನಡೆದು ಗೇಟು ದಾಟಿದಾಗಲೂ ಅವರ ಕೈ ತೊಡೆಯ ಮೇಲೆ ಅಂಗಾತ ಬಿದ್ದುಕೊಂಡಿತ್ತು.

ರಾಯ್‌ಸ್ಟನ್‌ನ ಓಮ್ನಿಯಲ್ಲಿ ಮಣಿಪಾಲಕ್ಕೆ ಹೊರಟೆವು. ನಾನು ಟವೆಲ್ಲಿನಲ್ಲಿ ಬಾಯಿ ಒತ್ತಿಕೊಂಡಿದ್ದೆ. ಸಂತೆಕಟ್ಟೆ ದಾಟಿದ ಮೇಲೆ ಅವನು ವ್ಯಾನನ್ನು ಬದಿಗೆ ನಿಲ್ಲಿಸಿದ. ಸ್ಟೀರಿಂಗಿನ ಮೇಲೆ ತಲೆ ಇಟ್ಟ.

"ಆಂಟಿ, ನಾನು ಇಲ್ಲದ್ದನ್ನು ಓದಿದೆ."

"ಗೊತ್ತು."

"ದೇವರ ವಾಕ್ಯದಲ್ಲಿ."

"ಗೊತ್ತು ಅಂದೆ ಅಲ್ವಾ? ಗಾಡಿ ಬಿಡು. ಹುಡುಗಿಯ ರಕ್ತ ನಿಲ್ಲುತ್ತಾ ಇಲ್ಲ."

ಆಸ್ಪತ್ರೆಯಲ್ಲಿ ನಮ್ಮಿಬ್ಬರನ್ನೂ ಅಕ್ಕಪಕ್ಕದ ಮಂಚದಲ್ಲಿ ಮಲಗಿಸಿದರು. ನನಗಿಂತ ಐದಾರು ವರ್ಷ ದೊಡ್ಡವಳಾದ ಡಾಕ್ಟರ್ ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಬಂದು ಏನಾಯಿತೆಂದು ಕೇಳಿದಳು.

"ಕಂಪೌಂಡ್ ಗೋಡೆ ಬಿತ್ತು ಡಾಕ್ಟ್ರೇ," ಎಂದ ರಾಯ್‌ಸ್ಟನ್. ಸುಳ್ಳಿಗೆ ಅವನು ಆಗಲೇ ಪಳಗಿದ್ದ.

"ಗೋಡೆ ಗಟ್ಟಿ ಉಂಟು," ಎಂದಳು ಮಮ್ಮಿ. "ಗಂಡ ಕಲ್ಲಿನಿಂದ ಹೊಡೆದದ್ದು. ಹೊಟ್ಟೆಗೆ ಒದ್ದದ್ದು ಮೂರು ವಾರದ ಹಿಂದೆ. ಅದನ್ನೂ ಬರೆಯಿರಿ."

ಡಾಕ್ಟರ್ ಪೆನ್ನು ನಿಲ್ಲಿಸಿದಳು. "ಹಾಗೆ ಬರೆದರೆ ಪೊಲೀಸ್ ಕೇಸ್ ಆಗುತ್ತದೆ. ಆಮೇಲೆ ಬದಲಾಯಿಸಲಿಕ್ಕೆ ಆಗುವುದಿಲ್ಲ."

"ಅದಕ್ಕೇ ಹೇಳುತ್ತಿರುವುದು."

ನನ್ನನ್ನು ಕೇಳಿದಳು. ನನಗೆ ಮಾತಾಡಲು ಆಗುತ್ತಿರಲಿಲ್ಲ. ಹಲಗೆಯನ್ನೇ ನನ್ನ ಎದೆಯ ಮೇಲಿಟ್ಟು ಪೆನ್ನು ಕೊಟ್ಟಳು. ಬರೆದೆ. ತಂದೆಯ ಹೆಸರು ಬರೆದೆ, ಶನಿವಾರ ಎಂದು ಬರೆದೆ, ಮೂರು ಗಂಟೆ ಎಂದು ಬರೆದೆ, ಮೊದಲು ನನ್ನ ಬಾಯಿಗೆ, ಆಮೇಲೆ ಅಮ್ಮನ ಭುಜಕ್ಕೆ ಎಂದು ಬರೆದೆ. ಬರೆದದ್ದನ್ನು ಒಮ್ಮೆ ಓದಿ ನೋಡಿ, ಮೂರು ಗಂಟೆಯನ್ನು ಹೊಡೆದುಹಾಕಿ ಮೂರೂಕಾಲು ಎಂದು ಸರಿಪಡಿಸಿದೆ.

ಮಮ್ಮಿ ಎಡಗೈಯಿಂದ ಸಹಿ ಹಾಕಿದಳು. ಜೆಸ್ಸಿ ಎಂಬ ಎರಡಕ್ಷರ ಗೆರೆ ಬಿಟ್ಟು ಕೆಳಗೆ ವಾಲಿತು. ಅದರ ಪಕ್ಕದಲ್ಲಿ ನಾನು ಹಾಕಿದೆ.